ಸಣ್ಣ ಶಬ್ದಗಳ ದೊಡ್ಡ ಸಂಸಾರ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಕಾಸರಗೋಡು ಸೀಮೆಯ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷು ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಗೆ ಭಾಷಾಂತರಕ್ಕೆಂದು ಕೊಟ್ಟ ವಾಕ್ಯಗಳಲ್ಲಿ ಒಂದು ಹೀಗಿತ್ತು: ‘ದಿ ಹೆಡ್‌ಮಾಸ್ಟರ್ ಟುಕ್ ಚಾರ್ಜ್ ಆಫ್ ದಿ ಸ್ಕೂಲ್.’ ಒಬ್ಬ ಹುಡುಗನು ಇದನ್ನು ‘ಮುಖ್ಯೋಪಾಧ್ಯಾಯರು ಶಾಲೆಯ ಶುಲ್ಕವನ್ನು ತೆಗೆದುಕೊಂಡರು’ ಎಂದು ಕನ್ನಡಿಸಿದ್ದನು. ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮಕ್ಕಳೆಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರದ ಮೇಲೆ ಕೆಂಪು ಗೆರೆ ಎಳೆದುದಾಯಿತು. ಅಷ್ಟಕ್ಕೇ ತೃಪ್ತನಾಗದೆ ಅಧ್ಯಾಪಕರ ಕೊಠಡಿಯಲ್ಲಿಯೂ ಅದನ್ನು ಹೇಳಿ ನಗಿಸಿದೆ.

ಆ ಹುಡುಗನು ಅಲ್ಲಿಯವರೆಗೆ ಪ್ರಶ್ನೆ ಕೇಳುತ್ತಿದ್ದವನು. ಆ ಮೇಲೆ ವರ್ಷ ಮುಗಿಯುವವರೆಗೂ ಇಂಗ್ಲಿಷು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ನಾನು ಇದನ್ನು ಗಮನಿಸಿದ್ದು ತೀರ ತಡವಾಗಿ. ಅವನ ಉತ್ತರಪತ್ರಿಕೆಯನ್ನು ಈಗ ನೆನೆದುಕೊಂಡರೆ ಅದರಲ್ಲಿ ಅವನ ತಪ್ಪು ಏನಿತ್ತೆಂದು ಹೇಳುವುದು ನನಗೆ ಕಷ್ಟವಾಗುತ್ತದೆ. ‘ಟೇಕ್’ ಎಂದರೆ ತೆಗೆದುಕೊ, ‘ಚಾರ್ಜ್’ ಎಂದರೆ ಶುಲ್ಕ, ‘ಸ್ಕೂಲ್’ ಎಂದರೆ ಶಾಲೆ: ಈ ಮೂರನ್ನೂ ಶಬ್ದಾರ್ಥದ ಪಟ್ಟಿಯಾಗಿ ಬರೆಯಿಸಿ ಬಾಯಿಪಾಠ ಒಪ್ಪಿಸಿಕೊಂಡವನು ನಾನೇ. ಹುಡುಗನು ನಾನು ಕೊಟ್ಟ ಇಟ್ಟಿಗೆಗಳಿಂದಲೇ ಗೋಡೆ ಕಟ್ಟಿದ್ದನು. ಗೋಡೆ ವಾಲಿದ್ದಕ್ಕೆ ನಾನು ಅವನನ್ನು ನೋಡಿ ನಕ್ಕೆ.

ಎರಡು ವರ್ಷಗಳ ಮೇಲೆ ಅವನು ಹಳೆಯ ಶಾಲೆಗೆ ಒಂದು ಪ್ರಮಾಣಪತ್ರಕ್ಕಾಗಿ ಬಂದಿದ್ದನು. ನಮ್ಮ ಕಡೆಯ ಮಕ್ಕಳ ಪಾಡು ವಾಚಕರು ಬಲ್ಲದ್ದೇ. ಹತ್ತನೆಯವರೆಗೆ ವಿಜ್ಞಾನ, ಗಣಿತ, ಚರಿತ್ರೆ ಎಲ್ಲವನ್ನೂ ಕನ್ನಡದಲ್ಲಿ ಓದಿದವರು ಹನ್ನೊಂದನೆಯ ತರಗತಿಯ ಹೊಸ್ತಿಲು ದಾಟಿದೊಡನೆ ಇಂಗ್ಲಿಷು ಪುಸ್ತಕದ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ. ಹೇಗಿದೆಯಪ್ಪಾ ಎಂದು ಕೇಳಿದೆ. ‘ದೊಡ್ಡ ಶಬ್ದಗಳು ಕಷ್ಟವಿಲ್ಲ ಸರ್, ಅವನ್ನು ಒಮ್ಮೆ ಕಲಿತರೆ ಮುಗಿಯಿತು. ಈ ಚಾರ್ಜ್, ವರ್ಕ್, ಪವರ್ ಇಂಥವೇ ಕಷ್ಟ. ಗೊತ್ತುಂಟು ಅಂತ ಹೋದರೆ ಅಲ್ಲಿ ಬೇರೆಯೇ ಇರುತ್ತದೆ’ ಎಂದನು. ತರಬೇತಿ ಕಾಲೇಜಿನಲ್ಲಿ ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಈ ಲೇಖನ ಆ ಹುಡುಗನ ಒಂದು ಮಾತಿನ ವಿಸ್ತರಣೆಯೆಂದು ತಿಳಿದರೆ ಸಾಕು.

ಅವನ ಅನುಭವಕ್ಕೆ ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ಜಾರ್ಜ್ ಝಿಫ್ ಎಂಬ ವಿದ್ವಾಂಸರು ಒಂದು ಶಬ್ದ ಎಷ್ಟು ಹೆಚ್ಚಾಗಿ ಬಳಕೆಯಾಗುತ್ತದೆಯೋ ಅದಕ್ಕೆ ಅಷ್ಟು ಹೆಚ್ಚು ಅರ್ಥಗಳಿರುತ್ತವೆ ಎಂಬುದನ್ನು 1945ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರ ಲೆಕ್ಕದಂತೆ ಅರ್ಥಗಳ ಸಂಖ್ಯೆ ಬಳಕೆಯ ವರ್ಗಮೂಲಕ್ಕೆ ಸರಿಸುಮಾರು ಅನುಗುಣವಾಗಿ ಏರುತ್ತದೆ. ಎಂದರೆ ನೂರು ಪಟ್ಟು ಹೆಚ್ಚು ಬಳಕೆಯಲ್ಲಿರುವ ಶಬ್ದಕ್ಕೆ ಹತ್ತು ಪಟ್ಟು ಅರ್ಥಗಳು. ‘ಫೋಟೋಸಿಂಥೆಸಿಸ್’ ಎಂಬ ಉದ್ದನೆಯ ಶಬ್ದಕ್ಕೆ ದ್ಯುತಿಸಂಶ್ಲೇಷಣೆಯೆಂಬ ಒಂದೇ ಅರ್ಥ. ಮೂರೇ ಅಕ್ಷರಗಳ ‘ಸೆಟ್’ ಶಬ್ದಕ್ಕೆ ಆಕ್ಸ್‌ಫರ್ಡ್ ಮಹಾನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ 430ರಷ್ಟು ಅರ್ಥಗಳು. ಅದೇ ನಿಘಂಟಿನ ಪರಿಷ್ಕರಣೆಯಲ್ಲಿ 2011ರ ಹೊತ್ತಿಗೆ ‘ರನ್’ ಎಂಬ ಕ್ರಿಯಾಪದ ಅದನ್ನೂ ಹಿಂದೆ ಹಾಕಿತು: 645 ಅರ್ಥಗಳು! ಆ ಒಂದು ಶಬ್ದದ ಕೆಲಸಕ್ಕೆ ನಿಘಂಟುಕಾರರೊಬ್ಬರು ತಿಂಗಳುಗಟ್ಟಲೆ ಕುಳಿತಿದ್ದರು. ನಾವು ಮಾತ್ರ ‘ರನ್ ಎಂದರೆ ಓಡು’ ಎಂದು ಹಲಗೆಯ ಮೇಲೆ ಬರೆದು ಮುಂದಿನ ಶಬ್ದಕ್ಕೆ ಓಡುತ್ತೇವೆ.

ಆ ‘ಓಡು’ ಎಲ್ಲಿಯವರೆಗೆ ಓಡೀತು? ಹುಡುಗ ಓಡುತ್ತಾನೆ, ಬಸ್ಸು ಓಡುತ್ತದೆ. ಇಷ್ಟರವರೆಗೆ ಕನ್ನಡವೂ ಇಂಗ್ಲಿಷೂ ಜೊತೆಯಲ್ಲಿ ಹೋಗುತ್ತವೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಇಂಗ್ಲಿಷಿನಲ್ಲಿ ನದಿ ‘ರನ್’ ಆಗುತ್ತದೆ, ನಮ್ಮಲ್ಲಿ ಹರಿಯುತ್ತದೆ. ಅವರ ಮೂಗು ‘ರನ್’ ಆಗುತ್ತದೆ, ನಮ್ಮದು ಸೋರುತ್ತದೆ. ಸೀರೆಯ ಬಣ್ಣ ಅಲ್ಲಿ ಓಡುತ್ತದೆ, ಇಲ್ಲಿ ಬಿಡುತ್ತದೆ. ಅಂಗಡಿಯನ್ನು ಅವರು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಚುನಾವಣೆ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ರನ್’ ಆಗುತ್ತಾನೆ; ಇಂಗ್ಲೆಂಡಿನವನು ‘ಸ್ಟ್ಯಾಂಡ್’ ಆಗುತ್ತಾನೆ; ನಮ್ಮವನೂ ನಿಲ್ಲುತ್ತಾನೆ. ಒಂದೇ ಇಂಗ್ಲಿಷು ಒಂದು ದೇಶದಲ್ಲಿ ಓಡುವ ಕಡೆ ಇನ್ನೊಂದು ದೇಶದಲ್ಲಿ ನಿಂತುಬಿಡುತ್ತದೆ! ಇಷ್ಟೆಲ್ಲ ಪ್ರಯೋಗಗಳ ಪೈಕಿ ಕನ್ನಡದ ಬಾಯಿಗೆ ಬಂದು ನೆಲೆಸಿದ ‘ರನ್ನು’ ಕ್ರಿಕೆಟ್ಟಿನದು ಮಾತ್ರ.

ಇದನ್ನು ಕೇಳಿ ಇಂಗ್ಲಿಷು ಅಂಕೆಯಿಲ್ಲದ ಭಾಷೆಯೆಂದು ಯಾರೂ ಮೂಗು ಮುರಿಯಬಾರದು. ನಮ್ಮ ‘ಹಿಡಿ’ ಎಂಬ ಎರಡಕ್ಷರವನ್ನು ನೋಡಿರಿ. ಕೈ ಹಿಡಿಯುತ್ತೇವೆ, ದಾರಿ ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ. ಆಷಾಢದಲ್ಲಿ ಮಳೆ ಹಿಡಿಯುತ್ತದೆ, ಕತ್ತಿಗೆ ತುಕ್ಕು ಹಿಡಿಯುತ್ತದೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ. ಕೊಡಪಾನ ಹತ್ತು ಸೇರು ಹಿಡಿಯುತ್ತದೆ, ಕೆಲಸ ಎರಡು ದಿನ ಹಿಡಿಯುತ್ತದೆ, ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ‘ಕಟ್ಟು’ ಇನ್ನೂ ಘಾಟಿ: ಮನೆ ಕಟ್ಟು, ಹೂ ಕಟ್ಟು, ಶುಲ್ಕ ಕಟ್ಟು, ಪರೀಕ್ಷೆಗೆ ಕಟ್ಟು, ಕಥೆ ಕಟ್ಟು, ಮೂಗು ಕಟ್ಟು, ಯಕ್ಷಗಾನದ ನಾಡಿನವರಾದ ನಮಗೆ ವೇಷ ಕಟ್ಟುವುದಂತೂ ದಿನನಿತ್ಯದ ಮಾತು. ಸಂಸ್ಕೃತದಲ್ಲಿ ಇಂಥ ಶಬ್ದಗಳಿಗಾಗಿ ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥ ವರ್ಗವೆಂದು ಬೇರೆ ಮನೆಯನ್ನೇ ಕಟ್ಟಿಕೊಟ್ಟಿದ್ದಾನೆ. ಅಲ್ಲಿ ‘ಹರಿ’ ಎಂಬ ಒಂದು ಶಬ್ದದ ಸೂರಿನಡಿಯಲ್ಲಿ ವಿಷ್ಣು, ಇಂದ್ರ, ಯಮ, ಸೂರ್ಯ, ಚಂದ್ರರ ಜೊತೆಗೆ ಸಿಂಹ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆಗಳೂ ವಾಸವಾಗಿವೆ. ಪಾಶ್ಚಾತ್ಯರಲ್ಲಿ ಈ ಗುಣಕ್ಕೆ ‘ಪಾಲಿಸೆಮಿ’ ಎಂಬ ಹೆಸರು ಬಂದದ್ದು ಫ್ರೆಂಚ್ ಪಂಡಿತ ಮಿಷೆಲ್ ಬ್ರೆಯಾಲರಿಂದ, 1897ರಲ್ಲಿ. ನಮಗೆ ನಾನಾರ್ಥವೆಂಬ ಹೆಸರು ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದಿನದು.

ಮಗು ‘ಹಿಡಿ’ಯ ಅರ್ಥಗಳನ್ನು ಪಟ್ಟಿ ಮಾಡಿ ಕಲಿಯುವುದಿಲ್ಲ. ಕೈಯಿಂದ ಹಿಡಿಯುವ ಚಿತ್ರ ಅದರ ಮನಸ್ಸಿನಲ್ಲಿ ಮೊದಲು ನಿಲ್ಲುತ್ತದೆ. ಉಳಿದವೆಲ್ಲ ಅದರ ಕೊಂಬೆಗಳು. ಇಂಗ್ಲಿಷು ಶಬ್ದಗಳಿಗೂ ಇಂಥ ಕಾಂಡ ಇದೆ. ನಾವು ಎಲೆಯನ್ನು ಕಿತ್ತು ಮಗುವಿನ ಕೈಗೆ ಕೊಡುತ್ತೇವೆಯೇ ಹೊರತು ಕಾಂಡವನ್ನು ತೋರಿಸುವುದಿಲ್ಲ.

ನನ್ನನ್ನು ಪೇಚಿಗೆ ಸಿಕ್ಕಿಸಿದ ‘ಚಾರ್ಜ್’ ಶಬ್ದವನ್ನೇ ತೆಗೆದುಕೊಳ್ಳೋಣ. ಇದು ಕನ್ನಡದ ಬೀದಿಯಲ್ಲಿ ಆಗಲೇ ಮನೆಮಾತು. ಬಸ್ಸಿಗೆ ಚಾರ್ಜು ಕೊಡುತ್ತೇವೆ, ಮೊಬೈಲಿಗೆ ಚಾರ್ಜು ಹಾಕುತ್ತೇವೆ, ಪೊಲೀಸರು ಲಾಠಿ ಚಾರ್ಜು ಮಾಡುತ್ತಾರೆ, ಆಮೇಲೆ ಚಾರ್ಜ್ ಶೀಟು ಸಲ್ಲಿಸುತ್ತಾರೆ, ವರ್ಗವಾಗಿ ಬಂದ ಮುಖ್ಯೋಪಾಧ್ಯಾಯರು ಚಾರ್ಜು ವಹಿಸಿಕೊಳ್ಳುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಶಬ್ದಗಳಂತೆ ಇವು ತೋರುತ್ತವೆ. ಆದರೆ ಇದರ ಮೂಲ ಲ್ಯಾಟಿನ್ ಭಾಷೆಯ ಗಾಡಿ ಎಂಬ ಅರ್ಥದ ಶಬ್ದ. ‘ಕಾರ್’ ಎಂಬುದು ಅದರದೇ ವಂಶದ್ದು. ಗಾಡಿಗೆ ಹೇರು ಹೇರುವುದು ಎಂಬ ಕ್ರಿಯಾಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ಕಾಂಡ ಇದು: ಹೇರುವುದು, ಹೊರಿಸುವುದು. ಕೋವಿಗೆ ಮದ್ದು ಹೇರಿದರೆ ಅದು ಚಾರ್ಜ್. ಬ್ಯಾಟರಿಗೆ ವಿದ್ಯುತ್ತನ್ನು ತುಂಬಿದರೆ ಅದೂ ಚಾರ್ಜ್. ಪ್ರಯಾಣಿಕನ ಮೇಲೆ ವೆಚ್ಚದ ಹೊರೆ, ಆರೋಪಿಯ ಮೇಲೆ ಅಪರಾಧದ ಹೊರೆ, ಅಧಿಕಾರಿಯ ಮೇಲೆ ಹೊಣೆಯ ಹೊರೆ. ಆಯುಧವನ್ನು ಏರಿಸಿ ಹಿಡಿದು ಮೇಲೆ ಬೀಳುವುದರಿಂದ ಲಾಠಿ ಚಾರ್ಜಿನ ಅರ್ಥ ಹುಟ್ಟಿತು. ಈಗ ಕನ್ನಡದತ್ತ ತಿರುಗಿ ನೋಡಿದರೆ ನಾವೂ ಆರೋಪವನ್ನು ಹೊರಿಸುತ್ತೇವೆ, ಹೊಣೆಯನ್ನು ಹೊರಿಸುತ್ತೇವೆ, ಖರ್ಚಿನ ಹೊರೆ ಎನ್ನುತ್ತೇವೆ. ‘ಹೊರಿಸು’ ಎಂಬ ಒಂದು ಕನ್ನಡ ಶಬ್ದವನ್ನು ಅಂದು ನಾನು ಆ ಹುಡುಗನ ಕೈಗೆ ಕೊಟ್ಟಿದ್ದರೆ ಮುಖ್ಯೋಪಾಧ್ಯಾಯರು ಶಾಲೆಯ ಶುಲ್ಕವನ್ನು ಎತ್ತಿಕೊಂಡು ಹೋಗುತ್ತಿರಲಿಲ್ಲ.

‘ಬೋರ್ಡ್’ ಎಂಬ ಶಬ್ದದ ಬಗೆಗೆ ನನಗೆ ಸ್ವಲ್ಪ ಮಮತೆ ಹೆಚ್ಚು. ನಮ್ಮ ತಂದೆಯವರು ತಾವು ಓದಿದ್ದು ‘ಬೋರ್ಡು ಶಾಲೆ’ಯಲ್ಲಿ ಎಂದು ಹೇಳುತ್ತಿದ್ದರು. ಅಲ್ಲಿ ದೊಡ್ಡದೊಂದು ಕರಿಹಲಗೆ ಇದ್ದುದರಿಂದ ಆ ಹೆಸರು ಬಂದಿರಬೇಕೆಂದು ನಾನು ಬಾಲ್ಯದಲ್ಲಿ ನಂಬಿದ್ದೆ. 1956ರ ನವೆಂಬರ್ 1ರವರೆಗೆ ನಮ್ಮ ಸೀಮೆ ಮದರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತೆಂಬುದೂ, ಅಲ್ಲಿ ಜಿಲ್ಲಾ ಬೋರ್ಡು ಎಂಬ ಸಂಸ್ಥೆ ಶಾಲೆಗಳನ್ನು ನಡೆಸುತ್ತಿತ್ತೆಂಬುದೂ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನನ್ನ ಬಾಲ್ಯದ ಊಹೆಗೆ ನಾನೇ ನಕ್ಕೆ. ಶಬ್ದದ ಚರಿತ್ರೆಯನ್ನು ಓದಿದ ಮೇಲೆ ನಗುವುದನ್ನು ನಿಲ್ಲಿಸಿದೆ. ಏಕೆಂದರೆ ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಮರದ ಹಲಗೆಯೇ. ಹಲಗೆಯಿಂದ ಊಟದ ಮೇಜು. ಮೇಜಿನಿಂದ ಅದರ ಮೇಲೆ ಬಡಿಸಿದ ಊಟ. ನಮ್ಮ ಪೇಟೆಗಳ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಫಲಕ ಈ ಊಟವನ್ನೇ ಹೇಳುತ್ತದೆ. ಮೇಜಿನ ಸುತ್ತ ಕುಳಿತು ಆಲೋಚನೆ ಮಾಡುವ ಮಂದಿಯೂ ಬೋರ್ಡ್ ಆದರು. ಅವರ ವಂಶದಲ್ಲಿ ಜಿಲ್ಲಾ ಬೋರ್ಡೂ ಪರೀಕ್ಷಾ ಬೋರ್ಡೂ ಹುಟ್ಟಿದವು. ಹಡಗಿನ ಹಲಗೆಯ ಮಗ್ಗುಲೂ ಬೋರ್ಡೇ. ಆದುದರಿಂದ ಹಡಗು ಹತ್ತುವುದು, ಈಗ ವಿಮಾನ ಹತ್ತುವುದು ‘ಬೋರ್ಡಿಂಗ್’. ಒಂದೇ ಹಲಗೆ ಊಟಕ್ಕೂ ಆಡಳಿತಕ್ಕೂ ಪ್ರಯಾಣಕ್ಕೂ ಒದಗಿತು. ನಮ್ಮಲ್ಲಿಯೂ ಮಣೆ ಮೂಲತಃ ಕೂರುವ ಹಲಗೆಯಾದರೂ ‘ಮಣೆ ಹಾಕು’ ಎಂದರೆ ಗೌರವ ಕೊಡುವುದಾಗಿದೆ. ‘ಪೀಠ’ ನ್ಯಾಯಾಧೀಶರನ್ನೇ ಸೂಚಿಸುವಂತಾಗಿದೆ, ಇಂಗ್ಲಿಷಿನ ‘ಬೆಂಚ್’ ಹೇಗೋ ಹಾಗೆಯೇ.

ಜವಳಿ ಅಂಗಡಿಯವನು ಹೇಳುವ ‘ಫಾಸ್ಟ್ ಕಲರ್’ ಎಂಬುದನ್ನು ಮಕ್ಕಳು ಬೇಗ ಹೋಗುವ ಬಣ್ಣವೆಂದು ತಿಳಿದರೆ ಆಶ್ಚರ್ಯವಿಲ್ಲ. ಅರ್ಥ ಅದಕ್ಕೆ ತದ್ವಿರುದ್ಧ. ‘ಫಾಸ್ಟ್’ ಶಬ್ದದ ಕಾಂಡ ಗಟ್ಟಿ ಎಂಬುದು. ಗಟ್ಟಿ ಬಣ್ಣ, ಗಟ್ಟಿ ನಿದ್ದೆ, ವ್ರತವನ್ನು ಗಟ್ಟಿಯಾಗಿ ಹಿಡಿಯುವುದರಿಂದ ಉಪವಾಸ, ಬಲವಾಗಿ ಓಡುವುದರಿಂದ ವೇಗ.

ಶಾಲೆಯ ಬೇರೆ ವಿಷಯಗಳಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. ‘ವಾಲ್ಯೂಮ್’ ಎಂದರೆ ಲ್ಯಾಟಿನ್ನಿನಲ್ಲಿ ಸುರುಳಿ. ಹಿಂದೆ ಪುಸ್ತಕಗಳು ಸುರುಳಿಯಾಗಿದ್ದುದರಿಂದ ಅದು ಸಂಪುಟವಾಯಿತು. ಸಂಪುಟದ ದಪ್ಪದಿಂದ ಗಾತ್ರವಾಯಿತು. ಕೊನೆಗೆ ರೇಡಿಯೋ ತಿರುಪಿನ ಧ್ವನಿಯ ಪ್ರಮಾಣವೂ ಆಯಿತು. ಕನ್ನಡದಲ್ಲಿ ಓದಿದ ಮಗುವಿಗೆ ಸಂಪುಟ, ಘನಫಲ, ಧ್ವನಿ ಈ ಮೂರೂ ಬೇರೆ ಬೇರೆ ಎಂಬುದು ಮೊದಲೇ ಗೊತ್ತು. ಪರಿಕಲ್ಪನೆ ಸ್ಪಷ್ಟವಾಗಿದೆ; ಕಲಿಯಬೇಕಾದದ್ದು ಇಂಗ್ಲಿಷು ಅವುಗಳನ್ನು ಒಂದೇ ಗೂಟಕ್ಕೆ ಕಟ್ಟುತ್ತದೆ ಎಂಬುದಷ್ಟೆ. ಈ ದೃಷ್ಟಿಯಿಂದ ಕನ್ನಡ ಮಾಧ್ಯಮದ ಮಗು ದರಿದ್ರವಲ್ಲ, ಶ್ರೀಮಂತ. ‘ಪವರ್’ ಎಂಬುದೂ ಹಾಗೆಯೇ: ಗಣಿತದಲ್ಲಿ ಘಾತ, ಭೌತವಿಜ್ಞಾನದಲ್ಲಿ ಸಾಮರ್ಥ್ಯ, ಆಡಳಿತದಲ್ಲಿ ಅಧಿಕಾರ, ಕನ್ನಡಕದ ಅಂಗಡಿಯಲ್ಲಿ ಮತ್ತೊಂದು. ‘ವರ್ಕ್’ ಮಾತ್ರ ಎರಡು ಭಾಷೆಗಳಲ್ಲಿಯೂ ಒಂದೇ ರೀತಿಯಲ್ಲಿ ಮೋಸ ಮಾಡುತ್ತದೆ. ಅಡಿಕೆಯ ಮೂಟೆಯನ್ನು ತಲೆಯ ಮೇಲೆ ಹೊತ್ತು ಒಂದು ಗಂಟೆ ಅಲುಗಾಡದೆ ನಿಂತ ಕೂಲಿಯವನು ಮೂಟೆಯ ಮೇಲೆ ಏನೂ ಕೆಲಸ ಮಾಡಿಲ್ಲವೆಂದು ಭೌತವಿಜ್ಞಾನ ಹೇಳುತ್ತದೆ, ಮೂಟೆ ಕದಲಲಿಲ್ಲವಲ್ಲ! ‘ರೈಟ್ ಆಂಗಲ್’ ಎಂಬುದನ್ನು ಬಲಕೋನವೆಂದು ತಿಳಿದು ಎಡಕೋನ ಎಲ್ಲಿದೆ ಎಂದು ಕೇಳಿದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಈ ಸಲ ನಾನು ನಗಲಿಲ್ಲ. ‘ರೈಟ್’ ಎಂಬುದರ ಹಳೆಯ ಅರ್ಥ ನೆಟ್ಟಗಿರುವುದು ಎಂದು ಹೇಳಿ, ನೆಟ್ಟಗೆ ನಿಂತ ಗೆರೆಯನ್ನು ಎಳೆದು ತೋರಿಸಿದೆ. ನೆಟ್ಟಗಿರುವುದು ಸರಿ, ಸರಿಯಾದ ಕೈ ಬಲಗೈ ಎಂದು ಅವರು ಭಾವಿಸಿದರು. ಎಡಗೈಯಲ್ಲಿ ಬರೆಯುವ ಮಕ್ಕಳು ಇದನ್ನು ಒಪ್ಪಬೇಕಾಗಿಲ್ಲ.

ಕಾಂಡ ಹುಡುಕುವ ಈ ಉಪಾಯ ಎಲ್ಲ ಕಡೆಯೂ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಕೆಲವು ಕಡೆ ಒಂದೇ ಹೆಸರಿನ ಬೇರೆ ಬೇರೆ ಮರಗಳೇ ಇರುತ್ತವೆ. ‘ಮೀನ್’ ಎಂಬುದಕ್ಕೆ ಅರ್ಥಕೊಡು, ನೀಚ, ಸರಾಸರಿ ಎಂಬ ಮೂರು ಅರ್ಥಗಳಿವೆ. ಮೊದಲಿನ ಎರಡು ಹಳೆಯ ಇಂಗ್ಲಿಷಿನ ಎರಡು ಬೇರೆ ಶಬ್ದಗಳು, ಮೂರನೆಯದು ಮಧ್ಯ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫ್ರೆಂಚಿನ ಮೂಲಕ ಬಂದದ್ದು. ‘ಫೇರ್’ ಎಂದರೆ ಅಂದವಾದದ್ದು, ನ್ಯಾಯವಾದದ್ದು ಎಂಬುದು ಒಂದು ಮರ. ಜಾತ್ರೆ ಎಂಬುದು ಬೇರೊಂದು. ನ್ಯಾಯಬೆಲೆ ಅಂಗಡಿಗೂ ಜಾತ್ರೆಗೂ ನಂಟು ಹುಡುಕಹೊರಟರೆ ಮೇಷ್ಟ್ರೇ ದಾರಿ ತಪ್ಪುತ್ತಾರೆ. ಇಂಥಲ್ಲಿ ‘ಇವು ಬೇರೆ ಬೇರೆ, ಉಚ್ಚಾರ ಮಾತ್ರ ಒಂದು’ ಎಂದು ಹೇಳಿ ಮುಂದೆ ಹೋಗುವುದೇ ಲೇಸು.

ಇನ್ನು ಕೆಲವು ಶಬ್ದಗಳು ತಮಗೆ ತಾವೇ ವಿರೋಧಿಗಳು. ನಮ್ಮ ಕಚೇರಿಗಳಲ್ಲಿ ‘ಸ್ಯಾಂಕ್ಷನ್’ ಎಂದರೆ ಮಂಜೂರಾತಿ. ಅದೇ ಶಬ್ದ ವೃತ್ತಪತ್ರಿಕೆಯ ವಿದೇಶ ವಾರ್ತೆಯಲ್ಲಿ ಬಂದರೆ ನಿರ್ಬಂಧ. ಒಂದು ದೇಶದ ಮೇಲೆ ‘ಆರ್ಥಿಕ ಮಂಜೂರಾತಿ ಹೇರಲಾಯಿತು’ ಎಂದು ಬರೆದ ಮಗುವನ್ನು ಯಾರು ದೂರಬೇಕು? ಮಕ್ಕಳ ಮಾತು ಹಾಗಿರಲಿ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟಿಷರಿಗೆ ಕೂಡಲೇ ಚರ್ಚೆಗೆ ಎತ್ತಿಕೊಳ್ಳುವುದು. ಅಮೆರಿಕನ್ನರಿಗೆ ಬದಿಗಿಟ್ಟು ಮುಂದೂಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ಪಕ್ಷದವರು ಬಯಸಿದ್ದು ಒಂದೇ ಆಗಿದ್ದರೂ ಈ ಶಬ್ದದ ದೆಸೆಯಿಂದ ಬಹಳ ಹೊತ್ತು ಬಿರುಸಾಗಿ ವಾದಿಸಿದರೆಂದು ಚರ್ಚಿಲ್ಲರು ತಮ್ಮ ಯುದ್ಧಚರಿತ್ರೆಯಲ್ಲಿ ನೆನೆದುಕೊಂಡಿದ್ದಾರೆ. ಇಂಗ್ಲಿಷು ತಾಯಿನುಡಿಯಾದ ಸೇನಾಧಿಪತಿಗಳ ಗತಿಯೇ ಇದಾದರೆ ನಮ್ಮ ಒಂಬತ್ತನೆಯ ತರಗತಿಯ ಪಾಡೇನು!

ಶಬ್ದಗಳ ಸಂಖ್ಯೆಯನ್ನು ಕಡಮೆ ಮಾಡಿದರೆ ಕಷ್ಟ ಕಡಮೆಯಾದೀತೆಂದು ಎಣಿಸಿದವರೂ ಉಂಟು. ಸಿ. ಕೆ. ಆಗ್ಡನ್ನರು 1930ರಲ್ಲಿ 850 ಶಬ್ದಗಳ ‘ಬೇಸಿಕ್ ಇಂಗ್ಲಿಷ್’ ಯೋಜನೆಯನ್ನು ಹೊರತಂದರು. ಕ್ರಿಯಾಪದಗಳು ಅದರಲ್ಲಿ ಹದಿನೆಂಟೇ. ಆದರೆ ‘ಗಿವ್’ ಕಲಿತವನಿಗೆ ‘ಗಿವ್ ಅಪ್’ ಎಂದರೆ ಕೈಬಿಡುವುದೆಂದು ಹೇಗೆ ತಿಳಿಯಬೇಕು? ‘ಪುಟ್’, ‘ಅಪ್’, ‘ವಿತ್’ ಮೂರನ್ನೂ ಬೇರೆ ಬೇರೆಯಾಗಿ ಬಲ್ಲವನಿಗೆ ಅವು ಕೂಡಿದರೆ ಸಹಿಸಿಕೊಳ್ಳುವುದು ಎಂದಾಗುತ್ತದೆಂದು ಹೇಳುವವರು ಯಾರು? ಶಬ್ದಗಳು ಕಡಮೆಯಾದಷ್ಟೂ ಒಂದೊಂದರ ಬೆನ್ನ ಮೇಲಿನ ಹೊರೆ ಹೆಚ್ಚುತ್ತದೆ. ಈ ಸತ್ಯವನ್ನು ಚೆನ್ನಾಗಿ ಕಂಡುಕೊಂಡವರು ಮೈಕಲ್ ವೆಸ್ಟ್ ಎಂಬ ಇಂಗ್ಲಿಷು ಅಧ್ಯಾಪಕರು. ಅವರು ಅವಿಭಕ್ತ ಬಂಗಾಳದ ಢಾಕಾದಲ್ಲಿ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿದ್ದು, ಬಂಗಾಳಿ ಮಕ್ಕಳಿಗೆ ಇಂಗ್ಲಿಷು ಓದಿಸುವುದು ಹೇಗೆಂಬ ಚಿಂತೆಯಲ್ಲಿ ವರ್ಷಗಳನ್ನು ಕಳೆದವರು. ಅವರು 1953ರಲ್ಲಿ ಪ್ರಕಟಿಸಿದ ಸುಮಾರು 2000 ಶಬ್ದಗಳ ಪಟ್ಟಿಯಲ್ಲಿ ಶಬ್ದದ ಮುಂದೆ ಅದರ ಒಂದೊಂದು ಅರ್ಥವೂ ನೂರಕ್ಕೆ ಎಷ್ಟು ಸಲ ಬರುತ್ತದೆಂಬ ಅಂಕಿಯನ್ನು ಕೊಟ್ಟಿದ್ದಾರೆ. ಯಾವ ಅರ್ಥವನ್ನು ಮೊದಲು ಕಲಿಸಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕೈದೀವಿಗೆಯನ್ನು ನಾನು ಕಂಡಿಲ್ಲ. ನಮ್ಮ ಪಾಠಪುಸ್ತಕಗಳ ಶಬ್ದಾರ್ಥ ಪಟ್ಟಿಗಳನ್ನು ಮಾಡುವವರು ಅದನ್ನು ಒಮ್ಮೆ ತೆರೆದು ನೋಡಬೇಕೆಂದು ನನ್ನ ಆಸೆ.

ಗಡಿನಾಡಿನ ನಮಗೆ ಒಂದು ಅನುಕೂಲ ಇದೆ. ಅದನ್ನು ನಾವು ಬಳಸಿಕೊಂಡಿಲ್ಲ. ‘ಅವಸರ’ ಎಂಬುದನ್ನು ನೋಡಿರಿ. ಸಂಸ್ಕೃತದಲ್ಲಿ ಅದು ಸಂದರ್ಭ. ಕನ್ನಡಕ್ಕೆ ಬಂದು ತ್ವರೆಯಾಯಿತು, ತಮಿಳಿನಲ್ಲಿಯೂ ಹಾಗೆಯೇ. ತೆಲುಗಿನಲ್ಲಿ ಅಗತ್ಯವಾಯಿತು. ಮಲಯಾಳದಲ್ಲಿ ಅವಕಾಶವಾಗಿಯೇ ಉಳಿಯಿತು. ‘ಸಂಸಾರ’ ನಮಗೂ ಮರಾಠಿಯವರಿಗೂ ಮನೆವಾರ್ತೆ. ಮಲಯಾಳದಲ್ಲಿ ಅದು ಮಾತುಕತೆ. ತರಗತಿಯಲ್ಲಿ ಸಂಸಾರ ಮಾಡಬಾರದೆಂದು ಮಲಯಾಳಿ ಅಧ್ಯಾಪಕರು ಗದರಿಸಿದಾಗ ನಮ್ಮ ಐದನೆಯ ತರಗತಿಯ ಮಗು ಮೊದಲ ದಿನ ಕಣ್ಣರಳಿಸುತ್ತದೆ, ಎರಡನೆಯ ದಿನ ನಗುತ್ತದೆ, ಮೂರನೆಯ ದಿನ ಸುಮ್ಮನೆ ಬಾಯಿ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಎದುರಿಗಿರುವವರನ್ನು ನೋಡಿ ಶಬ್ದದ ಅರ್ಥವನ್ನು ಬದಲಾಯಿಸಿಕೊಳ್ಳುವ ವಿದ್ಯೆ ಈ ಮಗುವಿಗೆ ಯಾರೂ ಕಲಿಸದೆ ಬಂದಿದೆ. ಇಂಗ್ಲಿಷಿನ ತರಗತಿಗೆ ಕಾಲಿಟ್ಟೊಡನೆ ನಾವು ‘ಒಂದು ಶಬ್ದಕ್ಕೆ ಒಂದು ಅರ್ಥ’ ಎಂಬ ನಿಯಮವನ್ನು ಅದರ ತಲೆಗೆ ಹೇರಿ, ಬಲ್ಲ ವಿದ್ಯೆಯನ್ನು ಮರೆಯಿಸುತ್ತೇವೆ.

ನಾನು ಈಗ ಮಾಡುತ್ತಿರುವುದು ಬಹಳ ಸರಳವಾದದ್ದು. ಮುಖ್ಯೋಪಾಧ್ಯಾಯನಾದ ಮೇಲೆ ವಾರಕ್ಕೆ ಎರಡು ಅವಧಿ ಮಾತ್ರ ನನ್ನ ಪಾಲಿಗೆ ಉಳಿದಿದೆ. ವಾರಕ್ಕೆ ಒಂದೇ ಶಬ್ದ. ಮೊದಲು ಅದಕ್ಕೆ ಹತ್ತಿರದ ಒಂದು ಕನ್ನಡ ಶಬ್ದವನ್ನು ಕೊಟ್ಟು ಅದರ ಪ್ರಯೋಗಗಳನ್ನು ಮಕ್ಕಳಿಂದಲೇ ಹೇಳಿಸುತ್ತೇನೆ. ‘ಹೊಡೆ’ ಶಬ್ದಕ್ಕೆ ಒಂದು ತರಗತಿ ಮೂವತ್ತಕ್ಕೂ ಮೇಲೆ ಹೇಳಿತು, ಗೊರಕೆ ಹೊಡೆಯುವುದನ್ನು ಅಭಿನಯಿಸಿಯೂ ತೋರಿಸಿತು. ಆಮೇಲೆ ಇಂಗ್ಲಿಷು ಶಬ್ದವನ್ನು ಐದಾರು ಪೂರ್ತಿ ವಾಕ್ಯಗಳಲ್ಲಿ ಬರೆಯುತ್ತೇನೆ, ಬಿಡಿಯಾಗಿ ಎಂದಿಗೂ ಇಲ್ಲ. ಕಾಂಡ ಯಾವುದಿರಬಹುದೆಂದು ಮಕ್ಕಳು ಊಹಿಸುತ್ತಾರೆ. ಊಹೆ ತಪ್ಪಿದರೂ ಕೆಂಪು ಗೆರೆ ಇಲ್ಲ. ಇದರಿಂದ ಪಾಠಗಳು ಹಿಂದೆ ಬೀಳುತ್ತವೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ಆಕ್ಷೇಪ ಸುಳ್ಳಲ್ಲ, ವರ್ಷಕ್ಕೆ ಮೂವತ್ತು ಶಬ್ದಗಳಿಗಿಂತ ಹೆಚ್ಚು ಮುಗಿಯುವುದಿಲ್ಲ.

ಇಂಥ ಶಬ್ದಗಳನ್ನು ಗುರುತು ಹಾಕಿಟ್ಟ ಒಂದು ಪುಸ್ತಕ ನನ್ನ ಮೇಜಿನ ಮೇಲಿದೆ. ಅದರ ಮೊದಲ ಪುಟದಲ್ಲಿ ‘ಚಾರ್ಜ್’ ಇದೆ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾ ಕಡೆಯ ಮಿತ್ರರ ತರಗತಿಗಳಲ್ಲಿಯೂ ಮಕ್ಕಳು ಇಂಥ ‘ತಪ್ಪು’ಗಳನ್ನು ದಿನವೂ ಬರೆಯುತ್ತಿರಬೇಕು. ಅವುಗಳನ್ನು ತಿದ್ದುವ ಮೊದಲು ಒಂದು ಕಾಗದದಲ್ಲಿ ಬರೆದಿಟ್ಟು ಸಂಘದ ಮುಂದಿನ ಸಮಾವೇಶಕ್ಕೆ ತಂದುಕೊಟ್ಟರೆ ನನ್ನ ಪುಸ್ತಕದಲ್ಲಿ ಇನ್ನೂ ಬೇಕಾದಷ್ಟು ಖಾಲಿ ಹಾಳೆಗಳಿವೆ.